ಡಾಕ್ಟರ್ ಪಾಟೀಲರ ಪಥ್ಯ

ಈ ಮಾರ್ಚ್‌ನಲ್ಲಿ ನಾನು ಬೆಳೆದ ಕಡೆಯ ವಿಕ್ಸಮ್‌ಗೆ ಹೋಗಿದ್ದೆ. ಅಪ್ಪ ಇಪ್ಪತ್ತೊಂದು ವರ್ಷ ದುಡಿದ ಮೆಷಿನ್ ಶಾಪ್ ಬೇರೆ ಕಟ್ಟಡಕ್ಕೆ ಹೋಗುತ್ತಿತ್ತು. ಅವನ ಟೂಲ್ ಬಾಕ್ಸ್ ಇನ್ನೂ ಅಲ್ಲೇ ಇದೆ, ಬಂದು ತೆಗೆದುಕೊಂಡು ಹೋಗು ಎಂದು ರಾಮೋನ್ ಫೋನ್ ಮಾಡಿದ್ದ. ಅಪ್ಪನ ಪಕ್ಕದ ಮೆಷಿನ್ನಿನಲ್ಲಿ ಅಷ್ಟೇ ವರ್ಷ ನಿಂತವನು ಅವನು. ನಾನೀಗ ಇರುವುದು ಚಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ. ನಾಲ್ಕೂವರೆ ಗಂಟೆ ಡ್ರೈವ್ ಮಾಡಿ, ಶಾಪಿನ ಬಾಗಿಲು ತಳ್ಳಿದೆ. ಕೂಲೆಂಟ್ ವಾಸನೆ ಮೂಗಿಗೆ ಬಂತು. ಲೋಹ ಕೊರೆಯುವಾಗ ಬಿಸಿಯೇರದಿರಲೆಂದು ಮೇಲಿಂದ ಸುರಿಯುವ ಹಾಲುಬಣ್ಣದ ನೀರು ಅದು. ಸ್ವಲ್ಪ ಸಿಹಿ, ಸ್ವಲ್ಪ ಸೋಪು, ಸ್ವಲ್ಪ ಹಳಸಲು. ಅಪ್ಪ ಎಷ್ಟು ತಿಕ್ಕಿ ತೊಳೆದರೂ ಅವನ ಬೆರಳುಗಳಿಂದ ಹೋಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಎಲ್ಲ ಅಪ್ಪಂದಿರಿಗೂ ಇದೇ ವಾಸನೆ ಇರುತ್ತದೆ ಅಂದುಕೊಂಡಿದ್ದೆ. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಡಾಕ್ಟರ್ ಅಂಕಲ್ ಒಬ್ಬರು ನನ್ನನ್ನು ಎತ್ತಿಕೊಂಡಾಗ, ಅವರ ಕೈ ಮೂಸಿ ನೋಡಿ, "ಈ ಅಂಕಲ್ ಕೆಲಸಕ್ಕೆ ಹೋಗಲ್ವಾ?" ಎಂದು ಕೇಳಿದ್ದೆನಂತೆ.

ಆ ವಾಸನೆಯಲ್ಲಿ ನಿಂತಾಗ ಮನಸ್ಸಿಗೆ ಬಂದದ್ದು ಆ ಇಪ್ಪತ್ತೊಂದು ವರ್ಷಗಳಲ್ಲ. ಒಂದೇ ಒಂದು ಚಳಿಗಾಲ. ನನಗೆ ಇಪ್ಪತ್ತೆರಡು, ಅಪ್ಪನಿಗೆ ಐವತ್ತೇಳು, ಅಪ್ಪನ ಅಮ್ಮ, ನಮ್ಮ ಅಜ್ಜಿಗೆ ಎಂಬತ್ತೊಂದು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ತಪ್ಪು ನನ್ನದು. ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ಗಣಪತಿ ಹಬ್ಬಕ್ಕೆ ಸೇರುವ ಕನ್ನಡದ ಮನೆಗಳಲ್ಲಿ ಉಳಿದ ಹುಡುಗರೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೇಸ್‌ಮೆಂಟಿಗೆ ಓಡಿಹೋದರೆ, ನಾನು ಮೇಲೆಯೇ ಕೂತು ಆಂಟಿಯರ ಮಾತು ಕೇಳಿಸಿಕೊಳ್ಳುತ್ತಿದ್ದೆ. ಭಾಷಾಭಿಮಾನ ಅಂತ ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಳು. ಸರಕು ಸಂಗ್ರಹ ಅಂತ ನನಗೆ ಗೊತ್ತಿತ್ತು. ಮನೆಗೆ ಬಂದು ಅವರನ್ನೆಲ್ಲ ಅಜ್ಜಿಯ ಮುಂದೆ ಒಬ್ಬೊಬ್ಬರನ್ನಾಗಿ ಇಳಿಸುತ್ತಿದ್ದೆ. ಅಜ್ಜಿ ಮೊದಲು ಬೈದು, ಆಮೇಲೆ, "ಆ ದಪ್ಪಗಿರೋಳು ಒಬ್ಬಳಿದ್ಲಲ್ಲ, ಅವಳನ್ನ ಮಾಡು" ಅನ್ನುತ್ತಿದ್ದಳು.

ಭಾನುವಾರ ಊಟವಾದ ಮೇಲೆ ನಮ್ಮ ಮನೆಯಲ್ಲಿ ಸಿನಿಮಾ. ಕೊರಿಯಾದ್ದು, ಟರ್ಕಿಯದ್ದು, ಸ್ಪೇನಿನದ್ದು, ಯಾವುದಾದರೂ ಸರಿ. ಅಜ್ಜಿಗೆ ಅತ್ತೆ ಸೊಸೆ ಇದ್ದರೆ ಸಾಕು. ಮೈಸೂರಿನಿಂದ ಬಂದ ಅಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದ್ದರಿಂದ ನಾನು ಟೀವಿಯ ಪಕ್ಕ ನೆಲದ ಮೇಲೆ ಕೂತು ಸಬ್‌ಟೈಟಲ್ ನೋಡಿಕೊಂಡು ಎಲ್ಲ ಪಾತ್ರಗಳಿಗೂ ಕನ್ನಡದಲ್ಲಿ ದನಿ ಕೊಡುತ್ತಿದ್ದೆ. ಇಸ್ತಾಂಬುಲ್ಲಿನ ಅತ್ತೆ ನಮ್ಮ ದೇವಸ್ಥಾನದ ಅಡುಗೆ ಕಮಿಟಿಯ ಆಂಟಿಯ ಹಾಗೆ ಗದರುತ್ತಿದ್ದಳು. ಸಿಯೋಲ್‌ನ ಪೊಲೀಸು ನಮ್ಮ ಸಬ್‌ಡಿವಿಜನ್ ಅನ್ನುವ ಬಡಾವಣೆಯಲ್ಲಿ ಮನೆ ಮುಂದಿನ ಹುಲ್ಲು ಎಷ್ಟು ಇಂಚು ಬೆಳೆದಿದೆ ಎಂದು ಅಳೆಯಲು ಬರುವವನ ಹಾಗೆ. ಸಿನಿಮಾದ ಅಪ್ಪಂದಿರಿಗೆಲ್ಲ ನಮ್ಮಪ್ಪನ ದನಿ. ಅಪ್ಪ ತನ್ನ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, "ನಾನು ಹಾಗೆ ಮಾತಾಡ್ತೀನಾ?" ಎಂದು ನಾನು ಮಾಡಿ ತೋರಿಸಿದ ಹಾಗೆಯೇ ಕೇಳುತ್ತಿದ್ದ.

ಆ ನವೆಂಬರಿನಲ್ಲಿ ಅಪ್ಪನ ಕಣ್ಣು ಹಳದಿಯಾಯಿತು. ನಾನು ಚಿಕಾಗೋದಲ್ಲಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದವನು ಎರಡು ದಿನಕ್ಕೆಂದು ಬಂದು, ಏಪ್ರಿಲ್‌ವರೆಗೆ ಉಳಿದೆ. ಡಾಕ್ಟರು ಒಬ್ಬ ಎತ್ತರದ ಹೆಂಗಸು. ಸುತ್ತುಬಳಸಲಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರಿಗೂ ಹಬ್ಬಿದೆ, ಗುಣವಾಗುವಂಥದ್ದಲ್ಲ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಬೇಸಿಗೆ ನೋಡ್ತೀನಾ? ನೋಡಬಹುದು, ಆದರೆ ನಾನು ಮಾತು ಕೊಡಲಾರೆ ಅಂದರು. ಆಮೇಲೆ ಊಟದ ವಿಷಯ ಹೇಳಲು ಇನ್ನೊಬ್ಬ ಹುಡುಗಿ ಬಂದಳು. ಬೆಣ್ಣೆ, ಎಣ್ಣೆ, ಐಸ್‌ಕ್ರೀಮು, ಏನು ಬಾಯಿಗೆ ಹಿಡಿಸುತ್ತದೋ ಅದನ್ನೆಲ್ಲ ತಿನ್ನಿ, ತೂಕ ಇಳಿಯಲು ಬಿಡಬೇಡಿ ಎಂದು ಹೇಳಿ, ಕಾಗದವನ್ನೂ ಕೊಟ್ಟಳು.

ಪಾರ್ಕಿಂಗ್ ಲಾಟಿನಲ್ಲಿ ಮೂವರೂ ಕಾರಿನಲ್ಲಿ ಕೂತೆವು. ಫ್ಯಾರನ್‌ಹೀಟಿನಲ್ಲಿ ಇಪ್ಪತ್ತೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ಅಮ್ಮ ಸ್ಟೀರಿಂಗ್ ಹಿಡಿದುಕೊಂಡಿದ್ದಳು, ಕಾರು ಸ್ಟಾರ್ಟ್ ಮಾಡಿರಲಿಲ್ಲ.

"ಅಮ್ಮಂಗೆ ಯಾರೂ ಹೇಳ್ಬೇಡಿ" ಅಂದ ಅಪ್ಪ. "ನಾನೇ ಹೇಳ್ತೀನಿ. ಒಂದೆರಡು ದಿನ ಹೋಗ್ಲಿ."

ಅಷ್ಟರಲ್ಲಿ ಅಮ್ಮನ ಫೋನು ರಿಂಗಾಯಿತು. ಅಜ್ಜಿ.

"ಏನಂದ್ರು ಡಾಕ್ಟ್ರು? ನೀವು ನೀವೇ ಒಂದು ಮಾಡ್ಕೊಂಡು ನಂಗೊಂದು ಹೇಳ್ಬೇಡಿ. ಅವ್ರಿಗೇ ಫೋನ್ ಕೊಡು, ನಾನು ಕೇಳ್ತೀನಿ."

"ಅತ್ತೆ, ಅವ್ರಿಗೆ ಕನ್ನಡ ಬರಲ್ಲ..."

"ಇಷ್ಟು ದೊಡ್ಡ ಆಸ್ಪತ್ರೇಲಿ ಒಬ್ಬರೂ ಕನ್ನಡದ ಡಾಕ್ಟ್ರಿಲ್ವೇನೆ?"

ಅಮ್ಮ ಫೋನಿನ ಮೇಲೆ ಅಂಗೈ ಮುಚ್ಚಿ, ನನ್ನ ಕಡೆ ತಿರುಗಿ, ಸುಡುವ ಪಾತ್ರೆ ದಾಟಿಸುವ ಹಾಗೆ ಅದನ್ನು ಹಿಂದಕ್ಕೆ ದಾಟಿಸಿದಳು. ನಾನು ಯೋಚಿಸಲಿಲ್ಲ. ಚಿಕಾಗೋ ಹತ್ತಿರದ ಪ್ಲೇನ್‌ಫೀಲ್ಡ್‌ನಲ್ಲಿ ಧಾರವಾಡ ಕಡೆಯ ಅಂಕಲ್ ಒಬ್ಬರಿದ್ದಾರೆ, ಅವರ ದನಿ ನನ್ನ ಗಂಟಲಲ್ಲಿ ಸದಾ ತಯಾರಿರುತ್ತದೆ.

"ನಮಸ್ಕಾರ್ರಿ ಅವ್ವಾರ, ನಾ ಡಾಕ್ಟರ್ ಪಾಟೀಲ ಮಾತಾಡಾಕತ್ತೀನ್ರಿ. ಏನೂ ಚಿಂತಿ ಮಾಡಬ್ಯಾಡ್ರಿ. ನಿಮ್ಮ ಮಗಗ ಕಾಮಣಿ ಆಗೇತ್ರಿ."

"ಕಾಮಾಲೆನಾ? ನಾನು ಅಂದ್ಕೊಂಡೆ, ಆ ಕಣ್ಣು ನೋಡಿ. ಪಥ್ಯ ಏನು ಡಾಕ್ಟ್ರೇ?"

"ಪಥ್ಯ ಬಿಗಿ ಇರಬೇಕ್ರಿ. ಎಣ್ಣಿ ಪೂರಾ ಬಂದ್."

ಮುಂದಿನ ಸೀಟಿನಲ್ಲಿ ಅಪ್ಪನ ಭುಜ ಅಲ್ಲಾಡಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ. ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ ಅವನ ಮುಖ ಬಿಚ್ಚಿದ್ದು ಅದೇ ಮೊದಲು. ಆ ನಗು ನಿಲ್ಲಬಾರದೆಂದು ನಾನು ಎಣ್ಣೆಯ ಜೊತೆ ಹುಳಿಯನ್ನೂ ಬಂದ್ ಮಾಡಿದೆ. ಅವನು ಕಣ್ಣೊರೆಸಿಕೊಂಡ. ಉಪ್ಪನ್ನೂ ಬಂದ್ ಮಾಡಿದೆ.

ಜನರ ನಗುವಿಗೆ ಸೋಲುವವನ ಬುದ್ಧಿ ಅಷ್ಟೇ.

ಅಜ್ಜಿ ಅದನ್ನು ವ್ರತದ ಹಾಗೆ ಹಿಡಿದಳು. ನಮ್ಮ ಮನೆಯ ಅಡುಗೆ ಅವಳದು. ಅಮ್ಮ ಫಾರ್ಮಸಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುವವಳು. ಮರುದಿನದಿಂದ ಅಪ್ಪನಿಗೆ ಗಂಜಿ, ನೀರುಮಜ್ಜಿಗೆ, ಬೇಯಿಸಿದ ಸೋರೆಕಾಯಿ. ಮೈಸೂರಿನ ತಂಗಿಗೆ ಹೇಳಿ ನೆಲನೆಲ್ಲಿ ಪುಡಿ ತರಿಸಿದಳು. ಆ ಪುಡಿ ಮಾತ್ರ ಅಮ್ಮನ ಕೈ ಸೇರಿ ಮಾಯವಾಯಿತು. ಉಳಿದದ್ದು ಯಾವುದೂ ಮಾಯವಾಗಲಿಲ್ಲ. ಒಗ್ಗರಣೆಯ ಸದ್ದೇ ಮನೆಯಿಂದ ಹೋಯಿತು. ಮಗ ಸಪ್ಪೆ ತಿನ್ನುವಾಗ ತನಗೇನು ರುಚಿ ಎಂದು ಅವಳೂ ಅದನ್ನೇ ತಿಂದಳು.

ಮೊದಲ ವಾರ ಅದೊಂದು ತಮಾಷೆಯಾಗಿತ್ತು. ಅಪ್ಪ ಗಂಜಿಯ ಬಟ್ಟಲು ಎತ್ತಿ, "ಡಾಕ್ಟರ್ ಪಾಟೀಲ್ರಿಗೆ ಜಯವಾಗಲಿ" ಎಂದು ಕುಡಿಯುತ್ತಿದ್ದ. ಎರಡನೆಯ ವಾರ ಅಮ್ಮ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, "ಐದು ಪೌಂಡ್ ಇಳಿದಿದಾರೆ. ಇದನ್ನ ನಿಲ್ಸು" ಅಂದಳು.

ನಿಲ್ಲಿಸಲು ನೋಡಿದೆ. ಡಾಕ್ಟರ್ ಪಾಟೀಲರು ಗ್ಯಾರೇಜಿನಿಂದಲೇ ಮತ್ತೆ ಫೋನ್ ಮಾಡಿದರು.

"ಅವ್ವಾರ, ರಿಪೋರ್ಟ್ ಚಲೋ ಬಂದೇತ್ರಿ. ಈಗ ಸ್ವಲ್ಪ ಎಣ್ಣಿ ನಡೀತೈತಿ. ತುಪ್ಪಾನೂ ಹಾಕ್ರಿ."

"ಇಲ್ಲ ಡಾಕ್ಟ್ರೇ, ನೀವು ಮಾತಾಡ್ಬೇಡಿ. ಅವನೇ ನಿಮ್ಮನ್ನ ಪೂಸಿ ಹೊಡೆದಿರ್ತಾನೆ. ಕಣ್ಣು ಇನ್ನೂ ಹಳದಿ ಇದೆ, ನಾನು ದಿನಾ ನೋಡ್ತಿದೀನಿ. ನಮ್ಮ ಯಜಮಾನ್ರಿಗೆ ಕಾಮಾಲೆ ಆದಾಗ ಮೂರು ತಿಂಗಳು ಒಂದು ತೊಟ್ಟು ಎಣ್ಣೆ ಮುಟ್ಟಿಸ್ಲಿಲ್ಲ, ಎದ್ದು ಕೂತ್ರು. ನೀವು ಕನಿಕರಪಟ್ಟು ಸಡ್ಲ ಬಿಡ್ಬೇಡಿ. ಇವನನ್ನೂ ನಾನು ಎಬ್ಬಿಸ್ತೀನಿ."

ಪಾಟೀಲರು ಫೋನ್ ಇಟ್ಟರು. ಅವರನ್ನು ಹುಟ್ಟಿಸಿದವನು ನಾನೇ ಆದರೂ, ಅವರ ಮಾತು ಅಜ್ಜಿಯ ಮುಂದೆ ನಡೆಯಲಿಲ್ಲ. ಇನ್ನು ಉಳಿದ ದಾರಿ ಒಂದೇ, ನಿಜ ಹೇಳುವುದು. ಅದನ್ನು ತಾನೇ ಹೇಳುತ್ತೇನೆ ಅಂದಿದ್ದ ಅಪ್ಪ ದಿನಾ ಬೆಳಿಗ್ಗೆ ಹೇಳಲು ಹೋಗಿ, ಗಂಜಿ ಕುಡಿದು ಬರುತ್ತಿದ್ದ. "ಅವಳ ಮುಖದಲ್ಲಿ ಎಷ್ಟು ಧೈರ್ಯ ಇದೆ ನೋಡೋ" ಅಂತ ಒಂದು ದಿನ ನನಗೆ ಹೇಳಿದ. "ಅಪ್ಪನ್ನ ಎಬ್ಬಿಸಿದ ಹಾಗೆ ನನ್ನೂ ಎಬ್ಬಿಸ್ತಾಳಂತೆ. ಅದನ್ನ ಹೇಗೆ ಕಿತ್ಕೊಳ್ಲಿ?"

ಡಿಸೆಂಬರಿನಿಂದ ರಾಮೋನ್ ಶನಿವಾರಗಳಂದು ತನ್ನ ಟ್ರಕ್ಕಿನಲ್ಲಿ ಬಂದು ನಮ್ಮ ಸಬ್‌ಡಿವಿಜನ್ನಿನ ತಿರುವಿನಲ್ಲಿ ನಿಲ್ಲುತ್ತಿದ್ದ. ಅವನ ಹೆಂಡತಿ ಮೆಕ್ಕೆಜೋಳದ ಹಿಟ್ಟಿಗೆ ಕೊಬ್ಬು ಕಲಸಿ, ಅದರ ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಳಿಸುತ್ತಿದ್ದಳು, ಅಪ್ಪನಿಗೆಂದೇ ಬೀನ್ಸ್ ತುಂಬಿದ್ದು. ಕೊಬ್ಬು ಯಾವುದರದ್ದೆಂದು ಅಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ. ವಾಕಿಂಗ್ ಹೋಗ್ತೀವಿ ಎಂದು ಅಜ್ಜಿಗೆ ಹೇಳಿ, ಹದಿನೈದು ಡಿಗ್ರಿ ಚಳಿಯಲ್ಲಿ ನಾವಿಬ್ಬರೂ ಟ್ರಕ್ ಹತ್ತುತ್ತಿದ್ದೆವು. ಅಪ್ಪ ಮೊದಮೊದಲು ಎರಡು ತಿನ್ನುತ್ತಿದ್ದ. ಆಮೇಲೆ ಒಂದು. ಜನವರಿ ಮುಗಿಯುವಾಗ ಅರ್ಧ ತಿಂದು, ಸಿಪ್ಪೆ ಮಡಿಸಿ ಇಟ್ಟುಬಿಡುತ್ತಿದ್ದ. ಅವರಿಬ್ಬರೂ ಸ್ಪ್ಯಾನಿಷ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅಪ್ಪನಿಗೆ ಶಾಪಿನಲ್ಲಿ ಬೈಯುವಷ್ಟು ಮಾತ್ರ ಸ್ಪ್ಯಾನಿಷ್ ಬರುತ್ತದೆ ಅಂದುಕೊಂಡಿದ್ದೆ ನಾನು. ಒಂದು ಶನಿವಾರ ರಾಮೋನ್ ತುಂಬ ಹೊತ್ತು, ಮೆಲ್ಲಗೆ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಿದ. ಅಪ್ಪ ಕಿಟಕಿಯ ಹೊರಗೆ ನೋಡಿಕೊಂಡಿದ್ದ. ನಾನು ಹಿಂದೆ ಕೂತು ಮಿಕ್ಕ ತಮಾಲೆ ತಿನ್ನುತ್ತಿದ್ದೆ; ನನ್ನ ತೂಕ ಏರಿದ್ದು ಆ ಚಳಿಗಾಲದಲ್ಲೇ.

ಅವನು ಏನು ಹೇಳಿದ್ದನೆಂದು ನನಗೆ ತಿಳಿದದ್ದು ಈ ಮಾರ್ಚ್‌ನಲ್ಲಿ, ಟೂಲ್ ಬಾಕ್ಸ್ ಕಾರಿಗೆ ಏರಿಸುವಾಗ. "ನಿನ್ನ ತಾಯಿ ಮಗುವಲ್ಲ ಅಂತ ನಿಮ್ಮಪ್ಪನಿಗೆ ಅಂದೆ. ನಾವು ಮನೇಲಿ ಎಲ್ಲ ಸೇರಿ ಒಂದು ಸಿನಿಮಾ ನೋಡಿದ್ವಿ, ಹೀಗೇ ಒಬ್ಬ ತಂದೆಯದ್ದು. ಬಾಯಿ ಬರ್ತಿಲ್ಲ ಅಂದ್ರೆ ಅದನ್ನ ಹಾಕಿ ಅವಳ ಪಕ್ಕ ಕೂತ್ಕೋ ಅಂದೆ."

ಫೆಬ್ರವರಿಯ ಆ ಭಾನುವಾರ ಹೊರಗೆ ಒಂದೇ ಸಮ ಹಿಮ ಬೀಳುತ್ತಿತ್ತು. ಸಿನಿಮಾ ಆರಿಸುವುದು ಅಜ್ಜಿಯ ಕೆಲಸ, ಆದರೆ ಆ ದಿನ ಅಪ್ಪ ರಿಮೋಟ್ ತಾನೇ ತೆಗೆದುಕೊಂಡ. ಸ್ಪ್ಯಾನಿಷ್ ಸಿನಿಮಾ. ಸಮುದ್ರದ ಪಕ್ಕದ ಊರು, ದೋಣಿಗಳ ಇಂಜಿನ್ ರಿಪೇರಿ ಮಾಡುವ ಒಬ್ಬ ಮನುಷ್ಯ, ಅವನಿಗೊಬ್ಬಳು ಮಗಳು. ಮೊದಲ ಅರ್ಧ ಗಂಟೆ ನಾನು ಒಳ್ಳೆಯ ಲಹರಿಯಲ್ಲಿದ್ದೆ. ಆ ಮನುಷ್ಯನಿಗೆ ಅಪ್ಪನ ದನಿ, ಮಗಳಿಗೆ ಅಮ್ಮ ಫಾರ್ಮಸಿಯಿಂದ ಸುಸ್ತಾಗಿ ಬಂದಾಗಿನ ದನಿ. ಅಮ್ಮ ಸೋಫಾದಿಂದ ದಿಂಬು ಎಸೆದಳು. ಅಜ್ಜಿ, "ಆ ಹುಡುಗಿಗೆ ಇನ್ನೂ ಮದ್ವೆ ಮಾಡಿಲ್ವಾ?" ಎಂದು ಮೂರು ಸಲ ಕೇಳಿದಳು.

ಆಮೇಲೆ ಆ ಮನುಷ್ಯ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದ. ಎದುರಿಗೆ ಡಾಕ್ಟರು. ಪಾಟೀಲರ ದನಿ ಕೊಡುವಂತಿರಲಿಲ್ಲ, ಅಜ್ಜಿಗೆ ಅದರ ಪರಿಚಯ ಚೆನ್ನಾಗಿತ್ತು. ದೇವಸ್ಥಾನದ ಅರ್ಚಕರ ಮೂಗಿನ ದನಿ ತೆಗೆದೆ. ಬಾಯಿ ತೆಗೆಯುವ ಹೊತ್ತಿಗೆ ತೆರೆಯ ಕೆಳಗೆ ಇಂಗ್ಲಿಷ್ ಸಾಲು ಬಂತು. ಓದಿದೆ. ಅಜ್ಜಿ ಕಾಯುತ್ತಿದ್ದಳು.

"ಏನಿಲ್ಲ ಸ್ವಾಮಿ" ಅಂದೆ ಅರ್ಚಕರ ದನಿಯಲ್ಲಿ, "ಪಿತ್ತಕೋಶದಲ್ಲಿ ಸಣ್ಣ ಕಲ್ಲು. ಹದಿನೈದು ದಿನದಲ್ಲಿ ಸರಿಹೋಗತ್ತೆ."

"ಡಾಕ್ಟ್ರು ಹಾಗನ್ಲಿಲ್ಲ ಚೇತು."

ಅಪ್ಪ. ಕುರ್ಚಿ ನೆಟ್ಟಗೆ ಮಾಡಿಕೊಂಡು ಕೂತಿದ್ದ. ಅವನು ಕೆಳಗಿನ ಸಾಲನ್ನು ನೋಡುತ್ತಿರಲಿಲ್ಲ. ಅವರ ಸ್ಪ್ಯಾನಿಷ್ ಮಾತನ್ನೇ ಕೇಳಿಸಿಕೊಳ್ಳುತ್ತಿದ್ದ.

"ಮತ್ತೇನಂದ್ರೋ?" ಎಂದು ಅಜ್ಜಿ ಕೇಳಿದಳು.

"ಗುಣ ಆಗಲ್ಲ ಅಂತಿದಾರೆ. ಔಷಧಿ ಕೊಡ್ತೀವಿ, ಅದು ನೋವಿಗೆ ಅಂತಿದಾರೆ." ಅಪ್ಪ ಯಾವ ದನಿಯನ್ನೂ ತೆಗೆಯಲಿಲ್ಲ, ಶಾಪಿನಿಂದ ಬಂದು ಶೂ ಬಿಚ್ಚುತ್ತಾ ಮಾತಾಡುವ ಹಾಗೆ ಹೇಳುತ್ತಾ ಹೋದ. "ಮನೇಲಿ ಹೇಳಿದೀಯಾ ಅಂತ ಕೇಳ್ತಿದಾರೆ. ಇವನು ಇಲ್ಲ ಅಂತಿದಾನೆ."

"ಯಾಕಂತೆ?"

ತೆರೆಯ ಮೇಲೆ ಆ ಮನುಷ್ಯ ಟೋಪಿ ಹಾಕಿಕೊಂಡು ಹೊರಗೆ ಬಂದ. ಬಸ್ ಸ್ಟಾಪಿನಲ್ಲಿ ನಿಂತ. ಅವನ ಬಾಯಿ ಮುಚ್ಚಿತ್ತು. ಸಮುದ್ರದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಹೇಗೆ ಹೇಳೋದು ಗೊತ್ತಾಗ್ತಿಲ್ಲ ಅಂತಿದಾನೆ" ಅಂದ ಅಪ್ಪ. "ಅವಳು ನನ್ನ ವಾಸಿ ಮಾಡೋಕೆ ಅಂತ ದಿನಾ ಐದು ಗಂಟೆಗೆ ಏಳ್ತಾಳೆ ಅಂತಿದಾನೆ. ಅವಳಿಗೆ ಎಂಬತ್ತೊಂದು ವರ್ಷ ಅಂತಿದಾನೆ."

ಬಸ್ಸು ಬಂತು, ಆ ಮನುಷ್ಯ ಹತ್ತಿದ. ಅಜ್ಜಿ ಟೀವಿಯಿಂದ ಮುಖ ತಿರುಗಿಸಿ ಮಗನನ್ನು ನೋಡುತ್ತಿದ್ದಳು.

"ಆರ್ಸೋ ಅದನ್ನ" ಎಂದು ನನಗೆ ಹೇಳಿದಳು. ಆರಿಸಿದೆ.

"ಯಾವಾಗಿಂದ ಗೊತ್ತು?"

"ನವೆಂಬರಿಂದ ಅಮ್ಮ."

"ಕಾಮಾಲೆ ಅಲ್ವಾ?"

"ಕಾಮಾಲೆನೂ ಇತ್ತು. ಇದರಿಂದ ಬಂದಿದ್ದು."

ಅಜ್ಜಿ ತೊಡೆಯ ಮೇಲಿನ ಸೆರಗನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಅವಳು ಕೂಗಾಡುತ್ತಾಳೆ, ಬೀಳುತ್ತಾಳೆ, ಇನ್ನೇನೋ ಆಗುತ್ತದೆ ಎಂದು ಅಮ್ಮ ಸೋಫಾದ ಅಂಚಿಗೆ ಬಂದು ಕೂತಿದ್ದಳು. ಏನೂ ಆಗಲಿಲ್ಲ. ಅಜ್ಜಿ ಕೇಳಿದ್ದು ಇಷ್ಟೇ:

"ಈ ಕಾಯಿಲೆಗೂ ಎಣ್ಣೆ ಆಗಲ್ವಾ?"

ಅಪ್ಪ ಸುಳ್ಳು ಹೇಳಬಹುದಿತ್ತು. "ತಿನ್ನು ಅಂದಿದ್ರಮ್ಮ. ಏನು ಬೇಕಾದ್ರೂ ತಿನ್ನು ಅಂದಿದ್ರು."

"ಮತ್ತೆ ಆ ಪಾಟೀಲ್ ಡಾಕ್ಟ್ರು?"

ಅಮ್ಮ ನೆಲ ನೋಡಿದಳು. ಅಪ್ಪ ನನ್ನ ಪರವಾಗಿ ಏನೋ ಹೇಳಲು ಹೊರಟ. ಅಷ್ಟು ವರ್ಷ ಎಲ್ಲರ ದನಿಯನ್ನೂ ಕದ್ದವನಿಗೆ ಆಗ ಎಲ್ಲಿಂದಲೂ ಒಂದೂ ಸಿಗಲಿಲ್ಲ.

"ಅದು ನಾನು ಅಜ್ಜಿ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಉಪ್ಪೂ ಬೇಡ ಅಂದಿದ್ಯಲ್ಲೋ" ಅಂದಳು. "ಮೂರು ತಿಂಗಳು ನನ್ನ ಕೈಯಿಂದಲೇ ಅವನನ್ನ ಉಪವಾಸ ಕೆಡವಿಸಿದ್ಯಲ್ಲೋ."

ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಹಿಂದೆಯೇ ಹೋಗಿ ತಟ್ಟಿದ. ತೆಗೆದಳು. ಒಳಗೆ ಅವರೇನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುವುದು ನನ್ನ ಕಸುಬು. ಆ ದಿನ ನಾನು ಹೋಗಿ ಡ್ರೈವ್‌ವೇಯ ಹಿಮ ಎತ್ತಿದೆ. ಎತ್ತಿದ ಕಡೆಯೇ ಮತ್ತೆ ಬೀಳುತ್ತಿತ್ತು.

ನಾಲ್ಕು ದಿನ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಒಂದು ರಾಶಿ ಗುಂಡು ಬದನೆಕಾಯಿ ನನ್ನ ಮುಂದೆ ಸುರಿದು, ಚಾಕು ಕೊಟ್ಟಳು. ಎಣ್ಣೆಗಾಯಿಗೆ ಬುಡ ಬಿಡದಂತೆ ನಾಲ್ಕು ಸೀಳು ಸೀಳಬೇಕು.

"ಅಜ್ಜಿ, ನಾನು..."

"ಬಾಯ್ಮುಚ್ಕೊಂಡು ಹೆಚ್ಚು."

ಹೆಚ್ಚಿದೆ. ಮಾರ್ಚ್ ಪೂರ್ತಿ ಹೆಚ್ಚಿದೆ, ತುರಿದೆ, ರುಬ್ಬಿದೆ. ಚಕ್ಕೋತ ಸೊಪ್ಪು ಹುಡುಕಿಕೊಂಡು ಮೂವತ್ತು ಮೈಲಿ ಹೋಗಿ, ಸಿಗದೆ ಬಂದು, ಬೈಸಿಕೊಂಡೆ. ಹುಳಿ, ಗೊಜ್ಜು, ಕೋಡುಬಳೆ, ತುಪ್ಪದಲ್ಲಿ ತೇಲುವ ಹೋಳಿಗೆ. ಅಜ್ಜಿ ಮೂರು ತಿಂಗಳ ಬಾಕಿಯನ್ನು ಒಂದೇ ತಿಂಗಳಲ್ಲಿ ಮಾಡಿ ಮುಗಿಸುವ ಹಾಗೆ ಒಲೆಯ ಮುಂದೆ ನಿಂತಳು. ಒಗ್ಗರಣೆಯ ಹೊಗೆಗೆ ಫೈರ್ ಅಲಾರ್ಮ್ ದಿನಕ್ಕೆರಡು ಸಲ ಕೂಗುತ್ತಿತ್ತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ. ಅಪ್ಪನಿಗೆ ಅದೊಂದು ತಮಾಷೆ, "ಬಂದ, ಮಂಗಳಾರತಿಗೆ ಬಂದ" ಅನ್ನುತ್ತಿದ್ದ.

ಆದರೆ ಅಷ್ಟು ಹೊತ್ತಿಗೆ ಅವನಿಗೆ ಹಸಿವು ಹೋಗಿತ್ತು. ತಟ್ಟೆ ಬರುತ್ತಿತ್ತು, ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದ, "ಭೇಷ್" ಅನ್ನುತ್ತಿದ್ದ, ಅಷ್ಟೇ. ಕಾಯಿಲೆ ಮುಂದುವರಿದರೆ ಹೀಗಾಗುವುದೇ, ಪಥ್ಯ ಇಲ್ಲದಿದ್ದರೂ ಆಗುತ್ತಿತ್ತು ಎಂದು ಮನೆಗೆ ಬರುತ್ತಿದ್ದ ನರ್ಸ್ ನನಗೆ ಹೇಳಿದಳು. ಇರಬಹುದು. ನವೆಂಬರು, ಡಿಸೆಂಬರಿನಲ್ಲಿ ಅವನು ಹಸಿದಿದ್ದ, ತಮಾಲೆಗಾಗಿ ಹಿಮದಲ್ಲಿ ನಡೆದಿದ್ದ ಅನ್ನುವುದೂ ನನಗೆ ಗೊತ್ತು. ಇವೆರಡನ್ನೂ ಎಲ್ಲಿ ಜೋಡಿಸಬೇಕೆಂದು ಇನ್ನೂ ಗೊತ್ತಿಲ್ಲ.

ಏಪ್ರಿಲ್ ಮೊದಲ ವಾರ. ಹೊರಗೆ ಪಾರ್ಕಿಂಗ್ ಲಾಟುಗಳ ಮೂಲೆಯಲ್ಲಿ ಕಪ್ಪು ಹಿಮದ ಗುಡ್ಡೆಗಳು ಕರಗುತ್ತಿದ್ದವು. ಅಪ್ಪನ ಮಂಚ ಹಾಲಿಗೆ ಬಂದಿತ್ತು. ಮಧ್ಯಾಹ್ನ ಅಜ್ಜಿ ತಟ್ಟೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಎಣ್ಣೆಗಾಯಿ ಹಾಕಿಕೊಂಡು ಬಂದು ಪಕ್ಕ ಕೂತಳು. ತುತ್ತು ಕಲಸಿ ಅವನ ಬಾಯಿಯ ಹತ್ತಿರ ಹಿಡಿದಳು. ಅಪ್ಪ ತಲೆಯಾಡಿಸಿದ.

"ಒಂದೇ ಒಂದೋ. ನಿನಗಿಷ್ಟ ಅಂತ ಮಾಡಿದೀನಿ."

"ಆಗಲ್ಲಮ್ಮ."

ಅಜ್ಜಿಯ ಕೈ ಹಾಗೇ ನಿಂತಿತ್ತು. ಎಣ್ಣೆ ಬೆರಳ ಸಂದಿನಿಂದ ಮಣಿಕಟ್ಟಿನವರೆಗೆ ಇಳಿದಿತ್ತು. ಆ ತುತ್ತನ್ನು ತಟ್ಟೆಗೆ ವಾಪಸ್ ಹಾಕುವುದು ಅವಳಿಂದ ಆಗುತ್ತಿರಲಿಲ್ಲ.

"ನೀನು ತಿನ್ನು" ಅಂದ ಅಪ್ಪ. "ನೀನೂ ಸಪ್ಪೆನೇ ತಿಂದ್ಯಲ್ಲ ಅಷ್ಟು ದಿನ. ತಿನ್ನು, ಹೇಗಿದೆ ಹೇಳು."

ಅಜ್ಜಿ ಅವನನ್ನು ನೋಡಿದಳು. ಆಮೇಲೆ ಆ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು.

"ಉಪ್ಪು?" ಎಂದು ಅಪ್ಪ ಕೇಳಿದ.

"ಒಂಚೂರು ಮುಂದಾಗಿದೆ."

"ಹುಳಿ?"

"ಹುಳಿ ಸರಿಯಾಗಿದೆ. ಬದನೆಕಾಯಿ ಬೆಣ್ಣೆ ಹಾಗೆ ಬೆಂದಿದೆ ಕಣೋ. ಒಳಗೆ ಕೊಬ್ಬರಿ ಸಿಗ್ತಿದೆ."

ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಇನ್ನೊಂದು ತುತ್ತು ತಿನ್ನಮ್ಮ" ಅಂದ.